ಹೈಸ್ಕೂಲಿನಲ್ಲಿದ್ದೇ ಕಾಲೇಜು ಗಣಿತ: ಡ್ಯುಯಲ್ ಎನ್ರೋಲ್‌ಮೆಂಟ್ ಕೋರ್ಸ್ ಆರಿಸಿಕೊಳ್ಳುವ ಬಗೆ

ಫೆಬ್ರವರಿ ಬಂತೆಂದರೆ ಕ್ಯಾಲಿಫೋರ್ನಿಯಾದ ನಮ್ಮ ಸಾಂತಾ ಕ್ಲಾರಾ ಕಣಿವೆಯ ಮನೆಗಳಲ್ಲಿ ಮುಂದಿನ ವರ್ಷದ ಕೋರ್ಸ್ ಪಟ್ಟಿ ಊಟದ ಮೇಜಿಗೆ ಬಂದು ಕೂರುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಮೇಜಿಗೂ ಬಂತು. ಮಗಳು ಆಗ ಹತ್ತನೇ ತರಗತಿ, ಓದುತ್ತಿದ್ದದ್ದು ಎಪಿ ಕ್ಯಾಲ್ಕುಲಸ್ ಬಿಸಿ. ಎಪಿ ಎಂದರೆ ಹೈಸ್ಕೂಲಿನಲ್ಲೇ ಕಲಿಸಿ ಕೊನೆಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ ಇಡುವ ಕಾಲೇಜು ಮಟ್ಟದ ಕೋರ್ಸ್; ಬಿಸಿ ಅದರ ಕ್ಯಾಲ್ಕುಲಸ್‌ನ ಮೇಲಿನ ಹಂತ. (ಹೆಸರಿಗೆ ತಕ್ಕಂತೆ ಬಿಸಿಯೇ.) ಹನ್ನೊಂದನೇ ತರಗತಿಯ ಗಣಿತದ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟು, "ಅಪ್ಪಾ, ಇಲ್ಲಿ ಬರೆಯುವುದಕ್ಕೆ ಏನೂ ಇಲ್ಲ" ಎಂದಳು. ಶಾಲೆಯ ಗಣಿತ ಅಲ್ಲಿಗೆ ಮುಗಿದಿತ್ತು. ಉಳಿದ ಕೋರ್ಸ್ ಎಪಿ ಸ್ಟಾಟಿಸ್ಟಿಕ್ಸ್ ಒಂದೇ, ಉಳಿದ ವರ್ಷಗಳು ಮಾತ್ರ ಎರಡು.

ಇದಕ್ಕೆ ಕಾರಣ ನಾನೇ. ಒಂಬತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಅವಳಿಗೆ ಒಂದು ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಪ್ರಿಕ್ಯಾಲ್ಕುಲಸ್ಸನ್ನು ಆರೇ ವಾರದಲ್ಲಿ ಓದಿಸಿ ಒಂದು ವರ್ಷ ಉಳಿಸಿದ್ದೆ. ಯುಗಾದಿ ಕೂಟದಲ್ಲಿ ಹೋಳಿಗೆಯ ಸಾಲಿನಲ್ಲಿ ನಿಂತಾಗ ಯಾರಾದರೂ "ನಿಮ್ಮ ಮಗಳು ಯಾವ ಮ್ಯಾಥ್ಸ್?" ಎಂದರೆ ಹೇಳಿಕೊಳ್ಳಲು ಚೆನ್ನಾಗಿತ್ತು. ಉಳಿಸಿದ ಆ ವರ್ಷವನ್ನು ಎಲ್ಲಿ ಖರ್ಚು ಮಾಡುವುದೆಂದು ಮಾತ್ರ ಯೋಚಿಸಿರಲಿಲ್ಲ. ಆ ಪೆಟ್ಟು ತಿಂದ ಮೇಲೆ ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಯಮಗಳು ಹೆಚ್ಚಾಗಿ ಕ್ಯಾಲಿಫೋರ್ನಿಯಾದವು. ಬೇರೆ ರಾಜ್ಯಗಳ ಮಾತು ಕೊನೆಯ ಹೊತ್ತಿಗೆ ಬರುತ್ತದೆ.

ಮೊದಲು: ಯಾವ ಡ್ಯುಯಲ್ ಎನ್ರೋಲ್‌ಮೆಂಟ್?

ಹೈಸ್ಕೂಲ್ ವಿದ್ಯಾರ್ಥಿ ಕಾಲೇಜಿನ ಕೋರ್ಸ್ ಓದಿ ಅದರ ಕ್ರೆಡಿಟ್ ಪಡೆಯುವುದಕ್ಕೆಲ್ಲ ಜನ ಇದೊಂದೇ ಹೆಸರು ಹೇಳುತ್ತಾರೆ. ಒಳಗೆ ಎರಡು ಬಗೆಗಳಿವೆ. ಒಂದರಲ್ಲಿ ಮಗು ಕಾಲೇಜಿಗೇ ಹೋಗಿ, ಅಥವಾ ಕಾಲೇಜಿನ ಆನ್‌ಲೈನ್ ತರಗತಿಗೆ ಸೇರಿ, ಇಪ್ಪತ್ತು ವರ್ಷದವರ ಪಕ್ಕದಲ್ಲಿ ಕೂತು ಓದುತ್ತದೆ. ಇನ್ನೊಂದರಲ್ಲಿ ಕಾಲೇಜಿನ ಕೋರ್ಸೇ ಹೈಸ್ಕೂಲಿಗೆ ಬರುತ್ತದೆ. ಶಾಲಾ ಜಿಲ್ಲೆಯೂ ಕಾಲೇಜೂ 2015ರ ಎಬಿ 288 ಕಾನೂನಿನಡಿ ಒಪ್ಪಂದ ಮಾಡಿಕೊಂಡು ನಡೆಸುವ 'ಸಿ-ಕ್ಯಾಪ್' ತರಗತಿಗಳು ಹೀಗೆಯೇ. ಮೊದಲನೆಯದರಲ್ಲಿ ಒಂದು ಅವಧಿಗೆ 11 ಯೂನಿಟ್‌ಗಳವರೆಗೆ (ಯೂನಿಟ್ ಎಂದರೆ ಕೋರ್ಸಿನ ಗಾತ್ರದ ಅಳತೆ), ಎರಡನೆಯದರಲ್ಲಿ 15ರವರೆಗೆ ಓದಬಹುದು.

ಈ ವ್ಯತ್ಯಾಸ ಮುಂದೆ ಬೆಲೆ ಕಟ್ಟುವಾಗ ಕಾಣುತ್ತದೆ. ಹೈಸ್ಕೂಲ್ ಕಟ್ಟಡದಲ್ಲೇ ನಡೆದ, ಅಥವಾ ಹೈಸ್ಕೂಲ್ ಪದವಿಯ ಲೆಕ್ಕಕ್ಕೆ ಹಿಡಿದ ಕೋರ್ಸಿಗೆ ಅನೇಕ ಖಾಸಗಿ ವಿಶ್ವವಿದ್ಯಾಲಯಗಳು ಕ್ರೆಡಿಟ್ ಕೊಡುವುದಿಲ್ಲ. ಕೌನ್ಸೆಲರ್ ಬಳಿ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ತರಗತಿ ಎಲ್ಲಿ ನಡೆಯುತ್ತದೆ, ಅದರ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಧಿಕೃತ ಅಂಕಪಟ್ಟಿ, ಕೊಡುವವರು ಯಾರು?

ಎರಡು: ಹನ್ನೆರಡನೇ ತರಗತಿಯನ್ನು ಮೊದಲು ಬರೆಯಿರಿ

ಒಂದು ಹಾಳೆಯಲ್ಲಿ ಹನ್ನೆರಡು, ಹನ್ನೊಂದು, ಹತ್ತು, ಒಂಬತ್ತು ಎಂದು ಮೇಲಿನಿಂದ ಕೆಳಕ್ಕೆ ಬರೆಯಿರಿ. ತುಂಬುವುದನ್ನೂ ಮೇಲಿನಿಂದಲೇ ಶುರುಮಾಡಿ. ಹನ್ನೆರಡರಲ್ಲಿ ಮಗು ಯಾವ ಗಣಿತ ಓದುತ್ತಿರಬೇಕು? ಅದನ್ನು ಬರೆದು, ಅದಕ್ಕೆ ಬೇಕಾದ ಹಿಂದಿನ ಕೋರ್ಸ್ ಯಾವುದು, ಅದರ ಹಿಂದಿನದು ಯಾವುದು ಎಂದು ಇಳಿಯುತ್ತ ಬನ್ನಿ. ಕೆಳಗಿನಿಂದ ಹತ್ತುತ್ತ ಹೋದವರಿಗೆ ಆಗುವುದು ನನಗಾದದ್ದೇ.

ಇಲ್ಲಿಯ ಮಾಮೂಲು ದಾರಿ ಆಲ್ಜೀಬ್ರಾ 1, ಜಾಮೆಟ್ರಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಆಮೇಲೆ ಕ್ಯಾಲ್ಕುಲಸ್. ಎಂಟನೇ ತರಗತಿಯಲ್ಲಿ ಆಲ್ಜೀಬ್ರಾ 1 ಮುಗಿಸಿದ ಮಗು ಯಾವ ಅವಸರವೂ ಇಲ್ಲದೆ ಹನ್ನೆರಡರಲ್ಲಿ ಕ್ಯಾಲ್ಕುಲಸ್ ತಲುಪುತ್ತದೆ. ಅಂಥ ಮಗುವಿಗೆ ಗಣಿತದಲ್ಲಿ ಡ್ಯುಯಲ್ ಎನ್ರೋಲ್‌ಮೆಂಟ್ ಬೇಕೇ ಬೇಕೆಂದಿಲ್ಲ. ಆ ಹೊತ್ತನ್ನು ಬೇರೆ ವಿಷಯಕ್ಕೆ ಕೊಡಬಹುದು. ಏಳರಲ್ಲಿ ಮುಗಿಸಿದ ಮಗುವಿಗೆ ಹನ್ನೊಂದರಲ್ಲಿ ಬಿಸಿ, ಹನ್ನೆರಡು ಖಾಲಿ. ಆ ಖಾಲಿ ಜಾಗ ತುಂಬಲು ಕಮ್ಯುನಿಟಿ ಕಾಲೇಜು ಹೇಳಿ ಮಾಡಿಸಿದಂತಿದೆ. ಶಾಲೆ ಕಲಿಸುವುದನ್ನು ಶಾಲೆಯಲ್ಲೇ ಕಲಿತು, ಅದು ಮುಗಿದ ಮೇಲೆ ಕಾಲೇಜಿಗೆ ಹೋಗುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಶಾಲೆಯದನ್ನೇ ಬೇಗ ಮುಗಿಸಲು ಕಾಲೇಜಿಗೆ ಹೋಗುವುದು ಹೆಚ್ಚಿನ ಮಕ್ಕಳಿಗೆ ನಷ್ಟದ ವ್ಯಾಪಾರ.

ಏಕೆಂದು ಲೆಕ್ಕ ಹಾಕಿ ನೋಡಿ. ಕ್ಯಾಲಿಫೋರ್ನಿಯಾದ ನಿಯಮದಂತೆ ಒಂದು ಸೆಮಿಸ್ಟರ್ ಯೂನಿಟ್ ಎಂದರೆ ತರಗತಿ, ಹೋಮ್‌ವರ್ಕ್ ಎಲ್ಲ ಸೇರಿ ಕನಿಷ್ಠ 48 ಗಂಟೆಗಳ ಓದು. ಐದು ಯೂನಿಟ್‌ನ ಪ್ರಿಕ್ಯಾಲ್ಕುಲಸ್‌ಗೆ 240 ಗಂಟೆ. ಅದನ್ನು ಆರು ವಾರಕ್ಕೆ ಹಂಚಿದರೆ ವಾರಕ್ಕೆ 40 ಗಂಟೆ. ಹದಿನಾಲ್ಕು ವರ್ಷದ ಹುಡುಗಿಗೆ ನಾನು ಕೊಡಿಸಿದ್ದು ಪೂರ್ಣಾವಧಿಯ ನೌಕರಿ! ತ್ರಿಕೋನಮಿತಿ ಒಂದೂವರೆ ವಾರದಲ್ಲಿ ಬಂದು ಹೋಯಿತು. ಅವಳಿಗೆ ಬಿ ಬಂತು, ಅದು ದೊಡ್ಡ ಮಾತಲ್ಲ. ಮುಂದಿನ ವರ್ಷ ಇಂಟಿಗ್ರಲ್ ಮಾಡುವಾಗ ಪ್ರತಿ ಸಲವೂ ಸೈನ್, ಕೊಸೈನ್ ಸೂತ್ರಗಳಿಗೆ ಹಿಂದಿನ ಪುಟ ತಿರುಗಿಸುತ್ತಿದ್ದಳಲ್ಲ, ಅದು ದೊಡ್ಡ ಮಾತು.

ಮೂರು: ಮಗು ತಯಾರಿದೆಯೇ?

ಶಾಲೆಯ ಅಂಕಪಟ್ಟಿ ನೋಡಿ ಇದನ್ನು ತೀರ್ಮಾನಿಸಬೇಡಿ. ಮನೆಕೆಲಸದ ಅಂಕ, ಮರುಪರೀಕ್ಷೆಯ ಅಂಕ ಎಲ್ಲ ಸೇರಿ ಎ ಆಗಿರಬಹುದು. ಕಾಲೇಜಿನಲ್ಲಿ ಎರಡು ಮೂರು ಮಿಡ್‌ಟರ್ಮ್, ಒಂದು ಫೈನಲ್, ಅಷ್ಟೇ.

ಬದಲಿಗೆ ಒಂದು ಸಣ್ಣ ಪರೀಕ್ಷೆ ಮಾಡಿ. ಕ್ಯಾಲ್ಕುಲೇಟರ್ ಇಲ್ಲದೆ, ಒಂದು ಹಾಳೆ ಕೊಟ್ಟು ಈ ಲೆಕ್ಕ ಹೇಳಿ: ಎಕ್ಸ್ ಪ್ಲಸ್ ಎಚ್‌ನ ವ್ಯುತ್ಕ್ರಮದಿಂದ ಎಕ್ಸ್‌ನ ವ್ಯುತ್ಕ್ರಮವನ್ನು ಕಳೆ, ಬಂದದ್ದನ್ನು ಎಚ್‌ನಿಂದ ಭಾಗಿಸು, ಸುಲಭ ರೂಪಕ್ಕೆ ತಾ. ಇದರಲ್ಲಿ ಕ್ಯಾಲ್ಕುಲಸ್ ಇಲ್ಲ, ಬರೀ ಬೀಜಗಣಿತ. ಮೇಲೆ ಎಕ್ಸ್‌ಗಳು ಹೊಡೆದುಹೋಗಿ ಮೈನಸ್ ಎಚ್ ಉಳಿಯುತ್ತದೆ. ಅದು ಕೆಳಗಿನ ಎಚ್ ಜೊತೆ ಹೋಗಿ ಮೈನಸ್ ಒಂದಾಗುತ್ತದೆ. ಛೇದದಲ್ಲಿ ಎಕ್ಸ್ ಮತ್ತು ಎಕ್ಸ್ ಪ್ಲಸ್ ಎಚ್‌ಗಳ ಗುಣಲಬ್ಧ. ಎರಡು ನಿಮಿಷದಲ್ಲಿ ತಡವರಿಸದೆ ಮಾಡಿದರೆ ಕ್ಯಾಲ್ಕುಲಸ್ಸಿಗೆ ಕಳಿಸಲು ಹೆದರಬೇಕಿಲ್ಲ. ಮೈನಸ್ ಎಲ್ಲಿಂದ ಬಂತೆಂದು ತಲೆ ಕೆರೆದುಕೊಂಡರೆ ಒಂದು ವರ್ಷ ತಡೆಯಿರಿ. ಕ್ಯಾಲ್ಕುಲಸ್ ತರಗತಿಯಲ್ಲಿ ಮಕ್ಕಳು ಮುಗ್ಗರಿಸುವುದು ಕ್ಯಾಲ್ಕುಲಸ್‌ನಲ್ಲಿ ಅಲ್ಲ, ಇಂಥ ಜಾಗದಲ್ಲಿ.

ಇನ್ನೊಂದು ಪರೀಕ್ಷೆ ಗಣಿತದ್ದಲ್ಲ. ಮಗು ತಾನೇ ಅಧ್ಯಾಪಕರಿಗೆ ಇಮೇಲ್ ಬರೆದು, "ನಾಲ್ಕನೇ ಪ್ರಶ್ನೆಗೆ ಏಕೆ ಅಂಕ ಹೋಯಿತು?" ಎಂದು ಕೇಳಬಲ್ಲದೇ? ಕಾಲೇಜಿನಲ್ಲಿ ಅಪ್ಪ ಅಮ್ಮ ಮೂಗು ತೂರಿಸಲು ಆಗುವುದಿಲ್ಲ. 1974ರ ಫೆರ್ಪಾ ಕಾನೂನಿನ ಪ್ರಕಾರ, ಕಾಲೇಜಿಗೆ ಸೇರಿದ ವಿದ್ಯಾರ್ಥಿಗೆ ಎಷ್ಟೇ ವಯಸ್ಸಾಗಿರಲಿ, ಅಲ್ಲಿನ ದಾಖಲೆಯ ಹಕ್ಕು ವಿದ್ಯಾರ್ಥಿಯದೇ. ಒಮ್ಮೆ ಕಾಲೇಜಿಗೆ ಫೋನ್ ಮಾಡಿ ಮಗಳ ಹೆಸರು ಹೇಳಿದೆ. ಆ ಕಡೆಯವರು ಬಹಳ ಮರ್ಯಾದೆಯಿಂದ, "ಅವರೇ ಕರೆ ಮಾಡಲಿ" ಎಂದರು. ಹದಿನಾರು ವರ್ಷದ ಮಗಳು 'ಅವರು' ಆದದ್ದು ನನಗೆ ಆವತ್ತೇ ತಿಳಿದದ್ದು.

ನಾಲ್ಕು: ಬಿಸಿ ಆದ ಮೇಲೆ ಯಾವುದು?

ಎಪಿ ಕ್ಯಾಲ್ಕುಲಸ್ ಎಬಿ ಕಾಲೇಜಿನ ಕ್ಯಾಲ್ಕುಲಸ್ 1ರಷ್ಟು, ಬಿಸಿ ಹೆಚ್ಚುಕಡಿಮೆ 1 ಮತ್ತು 2 ಸೇರಿದಷ್ಟು. ಶಾಲೆಯಲ್ಲಿ ಬಿಸಿ ಇದ್ದರೆ ಅದನ್ನೇ ತೆಗೆದುಕೊಳ್ಳಲಿ. ಎಪಿ ಅಂಕ ದೇಶದ ಯಾವ ಮೂಲೆಗೆ ಹೋದರೂ ಒಂದೇ. ಕಮ್ಯುನಿಟಿ ಕಾಲೇಜಿನ ಕ್ರೆಡಿಟ್ ಹಾಗಲ್ಲ. ಎಂಐಟಿಯಂಥ ಕಡೆಯೂ ಬಿಸಿಯಲ್ಲಿ ಐದಕ್ಕೆ 5 ಬಂದರೆ ಮೊದಲ ಕ್ಯಾಲ್ಕುಲಸ್ ಕೋರ್ಸಿಗೆ ಕ್ರೆಡಿಟ್ ಸಿಗುತ್ತದೆ. ಅಲ್ಲಿಂದಾಚೆಗೆ ಆಯ್ಕೆಗಳು ಹೀಗಿವೆ.

ಬಹುಚರ ಕ್ಯಾಲ್ಕುಲಸ್, ಅಂದರೆ ಕ್ಯಾಲ್ಕುಲಸ್ 3. ಎಂಜಿನಿಯರಿಂಗ್, ಭೌತಶಾಸ್ತ್ರದ ಕಡೆ ಹೋಗುವವರಿಗೆ ಮೊದಲ ಆಯ್ಕೆ. ಊರಿನಲ್ಲಿ ಎಂಜಿನಿಯರಿಂಗ್ ಓದಿ ಬಂದ ಅಪ್ಪಂದಿರಿಗೆ ಒಂದು ಎಚ್ಚರಿಕೆ: "ಇದೆಲ್ಲ ನಾವು ಪಿಯುಸಿಯಲ್ಲೇ ಮಾಡಿದ್ದೇವೆ" ಎನ್ನಬೇಡಿ. ದ್ವಿತೀಯ ಪಿಯುಸಿಯಲ್ಲಿ ಇಂಟಿಗ್ರಲ್ ಇತ್ತು, ಅವಕಲ ಸಮೀಕರಣಗಳ ಪರಿಚಯ ಇತ್ತು, ಮೂರು ಆಯಾಮದ ವೆಕ್ಟರ್ ಇತ್ತು, ನಿಜ. ಆದರೆ ಬಿಸಿಯಲ್ಲಿ ಬರುವ ಅನಂತ ಶ್ರೇಣಿಗಳು ಒಂದು ಸಂಖ್ಯೆಯಲ್ಲಿ ನಿಲ್ಲುತ್ತವೆಯೋ ಇಲ್ಲವೋ ಎಂಬ ಪರೀಕ್ಷೆಗಳು ಅಲ್ಲಿ ಇರಲಿಲ್ಲ. ಆಂಶಿಕ ಅವಕಲನ, ಎರಡು ಮೂರು ಪದರದ ಇಂಟಿಗ್ರಲ್, ಗ್ರೀನ್ ಮತ್ತು ಸ್ಟೋಕ್ಸ್ ಪ್ರಮೇಯ, ಇವೆಲ್ಲ ನಮಗೆ ಎಂಜಿನಿಯರಿಂಗ್ ಮೊದಲ ವರ್ಷದ ಎಂ-1, ಎಂ-2ರ ಸರಕು. ಎಂ-1ರಲ್ಲಿ ಎಷ್ಟು ಜನ ಬ್ಯಾಕ್ ಉಳಿಸಿಕೊಂಡಿದ್ದರೆಂದು ನೆನಪಿಸಿಕೊಂಡರೆ ಮಕ್ಕಳ ಮೇಲೆ ಮರುಕ ಹುಟ್ಟುತ್ತದೆ.

ಲೀನಿಯರ್ ಆಲ್ಜೀಬ್ರಾ. ನನ್ನನ್ನು ಕೇಳಿದರೆ ಕಂಪ್ಯೂಟರ್ ವಿಜ್ಞಾನ, ಡೇಟಾ, ಅರ್ಥಶಾಸ್ತ್ರ ಎನ್ನುವ ಮಕ್ಕಳಿಗೆ ಇದು ಕ್ಯಾಲ್ಕುಲಸ್ 3ಕ್ಕಿಂತ ಹೆಚ್ಚು ದಕ್ಕುತ್ತದೆ. ಪ್ರಶ್ನೆಯ ಧಾಟಿಯೇ ಬೇರೆ ಎಂಬುದನ್ನು ಮಾತ್ರ ಮಗುವಿಗೆ ಮೊದಲೇ ಹೇಳಿ. ಮೊದಲ ಎರಡು ವಾರ ಮ್ಯಾಟ್ರಿಕ್ಸ್ ಸಾಲುಗಳನ್ನು ಕೂಡಿ ಕಳೆಯುವ ಕೆಲಸ. ಇಷ್ಟು ಸುಲಭವೇ ಎನಿಸುತ್ತದೆ. ಮೂರನೇ ವಾರ ಪ್ರಶ್ನೆ ಹೀಗೆ ಬರುತ್ತದೆ: ಮೂರು ಆಯಾಮದ ಜಾಗದಲ್ಲಿ ಯಾವ ನಾಲ್ಕು ವೆಕ್ಟರ್‌ಗಳನ್ನು ತೆಗೆದುಕೊಂಡರೂ ಅವು ಒಂದನ್ನೊಂದು ಅವಲಂಬಿಸಿರಲೇಬೇಕು, ಏಕೆಂದು ತೋರಿಸಿ. ಇಲ್ಲಿ ಉತ್ತರವಾಗಿ ಒಂದು ಸಂಖ್ಯೆ ಬರುವುದಿಲ್ಲ, ನಾಲ್ಕು ಸಾಲಿನ ವಾದ ಬರಬೇಕು. ನನ್ನ ಮಗಳು ಆ ರಾತ್ರಿ ಎರಡು ಗಂಟೆ ಕೂತು, ಕೊನೆಗೆ ನಾಲ್ಕು ಪೆನ್ಸಿಲ್ಲುಗಳನ್ನು ಮೇಜಿನ ಮೇಲೆ ನಿಲ್ಲಿಸಿ ನೋಡುತ್ತಿದ್ದಳು. ಅವಳಿಗೆ ಗಣಿತ ನಿಜವಾಗಿ ಹಿಡಿಸಿದ್ದು ಆ ಕೋರ್ಸಿನಲ್ಲಿ. ಇದಕ್ಕೆ ಕೆಲವು ಕಾಲೇಜುಗಳು ಕ್ಯಾಲ್ಕುಲಸ್ 2 ಸಾಕು ಎನ್ನುತ್ತವೆ, ಕೆಲವು ಪೂರ್ತಿ ಕ್ಯಾಲ್ಕುಲಸ್ ಕೇಳುತ್ತವೆ. ಕೋರ್ಸಿನ ವಿವರಣೆಯಲ್ಲಿ ನೋಡಿಕೊಳ್ಳಿ.

ಡಿಸ್ಕ್ರೀಟ್ ಮ್ಯಾಥ್ಸ್ ಕಂಪ್ಯೂಟರ್ ಕಡೆಯವರದು: ತರ್ಕ, ಎಣಿಕೆ, ಗ್ರಾಫ್, ಸಾಧನೆ (ಪ್ರೂಫ್) ಬರೆಯುವ ಅಭ್ಯಾಸ. ಡಿಫರೆನ್ಷಿಯಲ್ ಈಕ್ವೇಷನ್ಸ್ ಹೈಸ್ಕೂಲಿನಲ್ಲಿರುವಾಗ ಬೇಡ ಎಂದೇ ಹೇಳುತ್ತೇನೆ. ಅದರ ರುಚಿ ಭೌತಶಾಸ್ತ್ರದ ಜೊತೆಗೆ ಓದಿದಾಗ. ಜೀವಶಾಸ್ತ್ರ, ಮನಶ್ಶಾಸ್ತ್ರದ ಮಕ್ಕಳಿಗೆ ಸ್ಟಾಟಿಸ್ಟಿಕ್ಸ್ ಸಾಕು. ಆದರೆ ಎಪಿ ಸ್ಟಾಟಿಸ್ಟಿಕ್ಸ್ ಆದವರು ಕಾಲೇಜಿನ ಮೊದಲ ಸ್ಟಾಟಿಸ್ಟಿಕ್ಸ್ ತೆಗೆದುಕೊಂಡರೆ ಅದೇ ಹಿಟ್ಟನ್ನು ಮತ್ತೆ ರುಬ್ಬಿದಂತೆ. ಆಲ್ಜೀಬ್ರಾ 2 ಬಿಟ್ಟು ಡೇಟಾ ಸೈನ್ಸ್ ಹಿಡಿಯುವ ಯೋಚನೆ ಇದ್ದರೆ ಕೈಬಿಡಿ: ಪರಿಚಯ ಮಟ್ಟದ ಡೇಟಾ ಸೈನ್ಸ್ ಆಲ್ಜೀಬ್ರಾ 2ರ ಜಾಗ ತುಂಬುವುದಿಲ್ಲ ಎಂದು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, 2023ರಲ್ಲಿ ತೀರ್ಮಾನಿಸಿದೆ.

ಐದು: ಕ್ವಾರ್ಟರ್ ಕಾಲೇಜೋ, ಸೆಮಿಸ್ಟರ್ ಕಾಲೇಜೋ?

ಕುಪರ್ಟಿನೋದ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕಾಲೇಜುಗಳಲ್ಲಿ ವರ್ಷಕ್ಕೆ ಮೂರು ಕ್ವಾರ್ಟರ್. ಕ್ಯಾಲ್ಕುಲಸ್ ಅಲ್ಲಿ 1ಎ, 1ಬಿ, 1ಸಿ, 1ಡಿ ಎಂದು ನಾಲ್ಕು ತುಂಡು. ಫ್ರೀಮಾಂಟ್‌ನ ಒಹ್ಲೋನಿ, ಸಾಂತಾ ಕ್ಲಾರಾದ ಮಿಷನ್ ಕಾಲೇಜುಗಳಲ್ಲಿ ಸೆಮಿಸ್ಟರ್ ಪದ್ಧತಿ. ಅದೇ ಕ್ಯಾಲ್ಕುಲಸ್ ಮೂರು ತುಂಡು. ನಡುವೆ ಕಾಲೇಜು ಬದಲಿಸಿದರೆ ತುಂಡುಗಳು ಕೂಡಿಕೊಳ್ಳುವುದಿಲ್ಲ. 1ಬಿ ಮುಗಿಸಿ ಸೆಮಿಸ್ಟರ್ ಕಾಲೇಜಿನ ಕ್ಯಾಲ್ಕುಲಸ್ 3ಕ್ಕೆ ಹೋದರೆ ಶ್ರೇಣಿಗಳ ಪಾಠ ತಪ್ಪಿಹೋಗುತ್ತದೆ. ಶುರು ಮಾಡಿದ ಕಡೆಯೇ ಮುಗಿಸಿ.

ಬಿಸಿ ಆದವರಿಗೆ 1ಸಿಯಲ್ಲಿ ಶ್ರೇಣಿಗಳ ಅರ್ಧ ಹಳೆಯದು, ವೆಕ್ಟರ್‌ಗಳ ಅರ್ಧ ಹೊಸದು. ಮೊದಲ ಅರ್ಧದಲ್ಲಿ ಗೊತ್ತಿರುವುದೇ ಎಂದು ಉದಾಸೀನ ಮಾಡಿದವರಿಗೆ ಎರಡನೆಯ ಅರ್ಧದಲ್ಲಿ ಪಾಠ ಕೈಗೆ ಸಿಗುವುದಿಲ್ಲ, ಏಕೆಂದರೆ ಕ್ವಾರ್ಟರ್ ಎಂದರೆ ಹನ್ನೆರಡೇ ವಾರ. ಶಾಲೆ ಆಗಸ್ಟ್‌ನಲ್ಲಿ ಶುರುವಾದರೆ ಕ್ವಾರ್ಟರ್ ಕಾಲೇಜು ಸೆಪ್ಟೆಂಬರ್ ಕೊನೆಗೆ. ಶಾಲೆಯ ಫೈನಲ್ ಮತ್ತು ಕಾಲೇಜಿನ ಫೈನಲ್ ಒಂದೇ ವಾರ ಬೀಳುತ್ತವೆಯೇ ಎಂದು ಎರಡೂ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಿ.

ಆರು: ಕಾಗದಪತ್ರ

ಇದು ಹನುಮಂತನ ಬಾಲ, ಆದರೆ ಕ್ರಮವಾಗಿ ಮಾಡಿದರೆ ಒಂದು ವಾರಾಂತ್ಯದ ಕೆಲಸ. ಮೊದಲು ರಾಜ್ಯದ ಎಲ್ಲ 116 ಕಮ್ಯುನಿಟಿ ಕಾಲೇಜುಗಳಿಗೂ ಒಂದೇ ಆದ 'ಸಿಸಿಸಿ ಅಪ್ಲೈ' ತಾಣದಲ್ಲಿ ಅರ್ಜಿ. ಮಗುವಿನ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ತುಂಬಿ. ತಂದೆಯ ಹೆಸರೇ ಕೊನೆಯ ಹೆಸರಾಗಿರುವ, ಇನಿಷಿಯಲ್ ಇರುವ ನಮ್ಮವರಿಗೆ ಇಲ್ಲಿ ಎಡವಟ್ಟಾಗುತ್ತದೆ. ಹೆಸರು ಕೂಡದಿದ್ದರೆ ಮುಂದೆ ಟ್ರಾನ್ಸ್‌ಕ್ರಿಪ್ಟ್ ಕೂಡುವುದಿಲ್ಲ. ಶಾಲೆಯ ಇಮೇಲ್ ಕೊಡಬೇಡಿ, ಹೈಸ್ಕೂಲ್ ಮುಗಿದ ಮೇಲೆ ಅದು ನಿಂತುಹೋಗಬಹುದು.

ಆಮೇಲೆ ವಿದ್ಯಾರ್ಥಿ, ಹೆತ್ತವರು ಮತ್ತು ಶಾಲೆಯ ಸಹಿ ಬೇಕಾದ ಅನುಮತಿ ಪತ್ರ. ಶಾಲೆ ಬೇಸಿಗೆಯಲ್ಲಿ ಬಾಗಿಲು ಹಾಕಿದರೆ ಸಹಿ ಹಾಕುವವರು ಸಿಗುವುದಿಲ್ಲ. ಮೇ ತಿಂಗಳಲ್ಲೇ ಮುಗಿಸಿ. ಕೊನೆಯದು ಪೂರ್ವಾರ್ಹತೆ: ಹಿಂದಿನ ಕೋರ್ಸಿನಲ್ಲಿ ಸಿ ಅಥವಾ ಮೇಲಿನ ದರ್ಜೆ ಬಂದ ಟ್ರಾನ್ಸ್‌ಕ್ರಿಪ್ಟನ್ನೋ, ಎಪಿ ಅಂಕವನ್ನೋ ಕಾಲೇಜಿಗೆ ತೋರಿಸಬೇಕು. ಎಪಿ ಅಂಕ ಬರುವುದು ಜುಲೈನಲ್ಲಿ. ಅಷ್ಟರಲ್ಲಿ ಸೀಟು ತುಂಬಿರಬಹುದು, ಏಕೆಂದರೆ ನೋಂದಣಿಯ ಸಾಲಿನಲ್ಲಿ ಹೈಸ್ಕೂಲ್ ಮಕ್ಕಳು ಸಾಮಾನ್ಯವಾಗಿ ಕೊನೆಯವರು. ವೇಟ್‌ಲಿಸ್ಟಿಗೆ ಹೆಸರು ಸೇರಿಸಿ ಮೊದಲ ದಿನ ತರಗತಿಗೆ ಹೋಗಿ ಕೂರಲಿ. ಮೊದಲ ವಾರ ಬಿಟ್ಟು ಹೋಗುವವರು ಇದ್ದೇ ಇರುತ್ತಾರೆ.

ಖರ್ಚು ಹೆಚ್ಚಿಲ್ಲ. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ ಒಂದಕ್ಕೆ 46 ಡಾಲರ್ ಇರುವ ಶುಲ್ಕ, ಅರೆಕಾಲಿಕ ಹೈಸ್ಕೂಲ್ ವಿದ್ಯಾರ್ಥಿಗೆ ಸಾಮಾನ್ಯವಾಗಿ ಮನ್ನಾ. ಪುಸ್ತಕ ನಿಮ್ಮದು; ವೇಳಾಪಟ್ಟಿಯಲ್ಲಿ 'ಜೀರೋ ಟೆಕ್ಸ್ಟ್‌ಬುಕ್ ಕಾಸ್ಟ್' ಗುರುತಿರುವ ತರಗತಿ ಸಿಕ್ಕರೆ ಅದೂ ಉಳಿಯಿತು. ಎಚ್-4 (ಎಚ್-1ಬಿ ನೌಕರರ ಕುಟುಂಬದವರ) ವೀಸಾದಲ್ಲಿರುವ ಮಕ್ಕಳ ಹೆತ್ತವರು ಅರ್ಜಿಯ ನಿವಾಸದ ಭಾಗವನ್ನು ಅವಸರದಲ್ಲಿ ತುಂಬಬೇಡಿ. ಹೊರರಾಜ್ಯದವರೆಂದು ದಾಖಲಾದರೆ ಶುಲ್ಕ ಹಲವು ಪಟ್ಟು. ಪ್ರವೇಶ ಕಚೇರಿಗೆ ಮೊದಲೇ ಬರೆದು ಉತ್ತರವನ್ನು ಇಮೇಲ್‌ನಲ್ಲಿ ಪಡೆದುಕೊಳ್ಳಿ.

ಏಳು: ಕ್ರೆಡಿಟ್ ಎಲ್ಲಿ ನಡೆಯುತ್ತದೆ?

'ಅಸಿಸ್ಟ್' ಎಂಬ ಸರ್ಕಾರಿ ತಾಣವಿದೆ. ಈ ಕಡೆ ಕಮ್ಯುನಿಟಿ ಕಾಲೇಜು, ಆ ಕಡೆ ಬರ್ಕ್ಲಿಯೋ ಸ್ಯಾನ್ ಹೋಸೆ ಸ್ಟೇಟೋ, ಒಂದು ವಿಶ್ವವಿದ್ಯಾಲಯವನ್ನು ಆರಿಸಿದರೆ ಯಾವ ಕೋರ್ಸ್ ಅಲ್ಲಿ ಯಾವುದಕ್ಕೆ ಸಮ ಎಂದು ಸಾಲುಸಾಲಾಗಿ ತೋರಿಸುತ್ತದೆ. ಕ್ವಾರ್ಟರ್ ಕಾಲೇಜಿನ ಎರಡು ಕೋರ್ಸ್ ಸೇರಿ ಅಲ್ಲಿಯ ಒಂದಕ್ಕೆ ಸಮವಾಗುವುದುಂಟು. ಒಂದನ್ನೇ ಓದಿದರೆ ಅರ್ಧ ಸೇತುವೆ ಕಟ್ಟಿದಂತೆ. ಎಪಿಯಲ್ಲೂ ಕಾಲೇಜಿನಲ್ಲೂ ಅದೇ ಕ್ಯಾಲ್ಕುಲಸ್ 1 ಓದಿದರೆ ಯುಸಿ ಎರಡು ಸಲ ಕ್ರೆಡಿಟ್ ಕೊಡುವುದಿಲ್ಲ. ಯುಸಿಗೆ ವರ್ಗವಾಗುವ ಕಾಲೇಜು ಕೋರ್ಸಿಗೆ ಎಪಿಯ ಹಾಗೆಯೇ ಜಿಪಿಎಯಲ್ಲಿ ಒಂದು ಹೆಚ್ಚುವರಿ ಅಂಕವಿದೆ. ಆದರೆ ಅಂಥ ಹೆಚ್ಚುವರಿ ಎಣಿಕೆ ಒಟ್ಟು ಎಂಟು ಸೆಮಿಸ್ಟರಿಗೆ ನಿಲ್ಲುತ್ತದೆ. ಅಂಕದ ಆಸೆಗೇ ಕೋರ್ಸ್ ಪೇರಿಸುವವರು ಇದನ್ನು ಗಮನಿಸಬೇಕು.

ಕ್ಯಾಲಿಫೋರ್ನಿಯಾದ ಹೊರಗೆ ಹೆಸರು, ನಿಯಮ ಬದಲಾಗುತ್ತವೆ. ಮಿನ್ನೆಸೋಟ 1985ರಲ್ಲೇ ಇದನ್ನು ಕಾನೂನು ಮಾಡಿದ ರಾಜ್ಯ, ಅಲ್ಲಿ ಇದಕ್ಕೆ ಪಿಎಸ್‌ಇಓ ಎನ್ನುತ್ತಾರೆ. ವಾಷಿಂಗ್ಟನ್ ರಾಜ್ಯದಲ್ಲಿ 'ರನ್ನಿಂಗ್ ಸ್ಟಾರ್ಟ್', ಒಹಾಯೋದಲ್ಲಿ 'ಕಾಲೇಜ್ ಕ್ರೆಡಿಟ್ ಪ್ಲಸ್'. ಡಲ್ಲಾಸ್, ಆಸ್ಟಿನ್ ಕಡೆಯವರಿಗೆ ಇದು 'ಡ್ಯುಯಲ್ ಕ್ರೆಡಿಟ್'; ಸೇರಲು, ಕಾಲೇಜಿಗೆ ತಯಾರಿದ್ದಾರೆಯೇ ಎಂದು ನೋಡುವ ಟಿಎಸ್‌ಐ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಅಥವಾ ವಿನಾಯಿತಿ ಇರಬೇಕು. ಟೆಕ್ಸಾಸ್‌ನಲ್ಲಿ ಒಂದು ಅನುಕೂಲವಿದೆ: ಕೋರ್ಸ್ ಸಂಖ್ಯೆಗಳು ರಾಜ್ಯಕ್ಕೆಲ್ಲ ಸಾಮಾನ್ಯ. ಕ್ಯಾಲ್ಕುಲಸ್ 1 ಎಂದರೆ 2413, 2 ಎಂದರೆ 2414, 3 ಎಂದರೆ 2415, ಲೀನಿಯರ್ ಆಲ್ಜೀಬ್ರಾ 2318. ಕ್ಯಾಲಿಫೋರ್ನಿಯಾದಲ್ಲೂ 2021ರ ಕಾನೂನಿನಂತೆ ಸಾಮಾನ್ಯ ಸಂಖ್ಯೆ ತರುವ ಕೆಲಸ ನಡೆದಿದೆ. ನಾನು ಮೇಲೆ ಬರೆದ 1ಸಿ, 1ಡಿಗಳು ಬೇರೆ ಹೆಸರಿನಲ್ಲಿ ಕಂಡರೆ ಗಾಬರಿಯಾಗಬೇಡಿ.

ಎಂಟು: ಸೇರಿದ ಮೇಲೆ ಎರಡು ದಿನಾಂಕ

ಕಾಲೇಜಿನ ಕ್ಯಾಲೆಂಡರಿನಲ್ಲಿ ಎರಡು ದಿನಾಂಕಗಳನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ. ಮೊದಲನೆಯದರ ಒಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಗುರುತೇ ಉಳಿಯುವುದಿಲ್ಲ. ಎರಡನೆಯದರ ಒಳಗೆ ಬಿಟ್ಟರೆ 'ಡಬ್ಲ್ಯು' ಬೀಳುತ್ತದೆ, ದರ್ಜೆ ಬೀಳುವುದಿಲ್ಲ. ಅದೂ ದಾಟಿದರೆ ಬಂದದ್ದು ಬಂದಂತೆ. ಹೈಸ್ಕೂಲಿನಲ್ಲಿದ್ದಾಗ ಬಂದ ಕಾಲೇಜು ದರ್ಜೆ ಜೀವನಪೂರ್ತಿ ಕಾಲೇಜು ದರ್ಜೆಯೇ. ಮುಂದೆ ವೈದ್ಯಕೀಯಕ್ಕೆ ಆಮ್‌ಕಾಸ್ (ವೈದ್ಯಕೀಯ ಕಾಲೇಜುಗಳ ಸಾಮಾನ್ಯ ಅರ್ಜಿ ವ್ಯವಸ್ಥೆ) ಮೂಲಕ ಅರ್ಜಿ ಹಾಕುವಾಗಲೂ ಹದಿನೈದರ ವಯಸ್ಸಿನ ಆ ಅಂಕ ತೋರಿಸಲೇಬೇಕು. ಸಿ ಬಂದರೆ ಅದೇ ಕೋರ್ಸನ್ನು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಅಂಕ ಏರಿಸಲೆಂದು ಮತ್ತೆ ಓದಲೂ ಆಗದು.

ಎರಡನೆಯ ದಿನಾಂಕಕ್ಕೆ ಮೊದಲು ಒಂದಾದರೂ ಮಿಡ್‌ಟರ್ಮ್ ಆಗಿರುತ್ತದೆ. ಆ ಅಂಕ ಬಂದ ಸಂಜೆ ಮಗುವಿನ ಜೊತೆ ಕೂತು ಮಾತಾಡಿ. 70ರ ಕೆಳಗಿದ್ದು, ಎಲ್ಲಿ ತಪ್ಪಾಯಿತೆಂದು ಮಗುವಿಗೇ ಹೇಳಲು ಬರದಿದ್ದರೆ ಬಿಡಿಸುವುದೇ ಸರಿ. ಎಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸಿದರೆ ಮುಂದುವರಿಯಲಿ. ಮಗಳಿಗೆ 1ಡಿಯ ಮೊದಲ ಮಿಡ್‌ಟರ್ಮ್‌ನಲ್ಲಿ ಬಂದದ್ದು 68. ಇಂಟಿಗ್ರಲ್‌ನ ಮಿತಿಗಳನ್ನು ಅದಲುಬದಲು ಮಾಡಿದ ಒಂದೇ ತಪ್ಪು ಮೂರು ಪ್ರಶ್ನೆಗಳಲ್ಲಿತ್ತು. ಚಿತ್ರ ಬರೆಯದೆ ಲೆಕ್ಕಕ್ಕೆ ಕೈ ಹಾಕಿದ್ದೇ ಕಾರಣ ಎಂದು ಅವಳೇ ಹೇಳಿದಳು. ಬಿಡಿಸಲಿಲ್ಲ.

ಕೊನೆಯದು: ಜೂನ್ ತಿಂಗಳಲ್ಲಿ

ಕಾಲೇಜಿನ ಅಂಕ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿಗೆ ತಾನಾಗಿ ಬರುತ್ತದೆಯೇ, ಬಂದರೆ ಎಷ್ಟು ಕ್ರೆಡಿಟ್ ಎಂಬುದು ಜಿಲ್ಲೆಯಿಂದ ಜಿಲ್ಲೆಗೆ ಬೇರೆ, ಕೌನ್ಸೆಲರ್‌ರನ್ನು ಕೇಳಿ. ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಕಾಲೇಜು ಕೋರ್ಸುಗಳನ್ನು ಪ್ರತ್ಯೇಕವಾಗಿ ತುಂಬಬೇಕು, ಸೀಟು ಒಪ್ಪಿಕೊಂಡ ಮೇಲೆ ಕಮ್ಯುನಿಟಿ ಕಾಲೇಜಿನಿಂದಲೇ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಕಳಿಸಬೇಕು. ಕಾಲೇಜು ಕೋರ್ಸ್ ಓದಿದ ಮಾತ್ರಕ್ಕೆ ಮಗು ವರ್ಗಾವಣೆಯ ವಿದ್ಯಾರ್ಥಿಯಾಗುವುದಿಲ್ಲ. ಯುಸಿಗೆ ಮೊದಲ ವರ್ಷದವರಾಗಿಯೇ ಅರ್ಜಿ.

ಪ್ರತಿ ಕೋರ್ಸಿನ ಸಿಲಬಸ್, ಮಿಡ್‌ಟರ್ಮ್ ಪ್ರಶ್ನೆಪತ್ರಿಕೆಗಳನ್ನು ಕಾಲೇಜಿನ ಖಾತೆ ಮುಚ್ಚುವ ಮೊದಲು ಇಳಿಸಿಟ್ಟುಕೊಳ್ಳಿ. ಹೊರರಾಜ್ಯದ ವಿಶ್ವವಿದ್ಯಾಲಯದ ಗಣಿತ ವಿಭಾಗ ಕ್ರೆಡಿಟ್ ಕೊಡುವ ಮುನ್ನ, "ಯಾವ ಅಧ್ಯಾಯಗಳು ಆಗಿದ್ದವು?" ಎಂದು ಕೇಳಬಹುದು. ನಮ್ಮನ್ನು ಕೇಳಿದರು. ಲೀನಿಯರ್ ಆಲ್ಜೀಬ್ರಾದ ಸಿಲಬಸ್ ಸಿಕ್ಕಿದ್ದು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ, ಮಡಚಿದ ಎರಡು ಹಾಳೆಯಾಗಿ, ಅಂಚಿನಲ್ಲಿ ನಾಲ್ಕು ಪೆನ್ಸಿಲ್ಲಿನ ಚಿತ್ರ ಸಹಿತ. ಅದನ್ನೇ ಸ್ಕ್ಯಾನ್ ಮಾಡಿ ಕಳಿಸಿದೆವು.